ಅವರ ಮನೆ ತುಂಬ ಅಜ್ಜಂದಿರು, ನಮ್ಮ ಮನೆ ತುಂಬ ಹುಡುಗರು

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ನೀವು ನೋಡ್ತಾ ಇರೋ ಈ ಕಾರ್ಯಕ್ರಮ ಅರ್ಧ ಗಂಟೆಯದ್ದು. ಇದು ಮುಗಿಯೋ ಹೊತ್ತಿಗೆ ಭಾರತದಲ್ಲಿ ಸುಮಾರು 1,300 ಮಕ್ಕಳು ಹುಟ್ಟಿರುತ್ತವೆ. 2024ರ ಲೆಕ್ಕದಲ್ಲಿ ಅದೇ ಅರ್ಧ ಗಂಟೆಯಲ್ಲಿ ಚೀನಾದಲ್ಲಿ ಹುಟ್ಟೋದು 550ರ ಒಳಗೆ. ಸಾಯುವವರು? 620 ದಾಟುತ್ತಾರೆ. ಅಂದ್ರೆ ನಾನು ನಿಮಗೆ ನಮಸ್ಕಾರ ಹೇಳಿ ಎದ್ದು ಹೋಗುವಷ್ಟರಲ್ಲಿ ಚೀನಾ ಎನ್ನುವ ಆ ದೊಡ್ಡ ದೇಶ ಎಂಬತ್ತು ಜನರಷ್ಟು ಸಣ್ಣದಾಗಿರುತ್ತದೆ. ನಾವು ಅಷ್ಟೇ ಹೊತ್ತಲ್ಲಿ ಇನ್ನೂ ದೊಡ್ಡವರಾಗಿರ್ತೀವಿ.

2023ರ ಏಪ್ರಿಲ್ ನೆನಪಿದೆಯಾ? ಎಲ್ಲ ಚಾನೆಲ್‌ಗಳಲ್ಲೂ ಕೆಂಪು ಪಟ್ಟಿ ಓಡಿತು. ಜನಸಂಖ್ಯೆಯಲ್ಲಿ ಭಾರತ ನಂಬರ್ 1, ಚೀನಾ ನಂಬರ್ 2. ಆ ತಿಂಗಳ ಕೊನೆಗೆ ನಮ್ಮ ಸಂಖ್ಯೆ 142,57,75,850 ಮುಟ್ಟುತ್ತದೆ ಅಂತ ವಿಶ್ವಸಂಸ್ಥೆ ಹೇಳಿತು. ಕೊನೆಯ ಐವತ್ತರ ತನಕ ಲೆಕ್ಕ ಇದೆ ನೋಡಿ! ತಮಾಷೆ ಏನಪ್ಪ ಅಂದ್ರೆ, ನಾವು ಕೊನೆಯ ಸಲ ತಲೆ ಎಣಿಸಿದ್ದು 2011ರಲ್ಲಿ. ಆಗ ನಾವು 121 ಕೋಟಿ ಇದ್ದೆವು. 2021ರಲ್ಲಿ ಎಣಿಸಬೇಕಿತ್ತು, ಕೋವಿಡ್ ಬಂತು, ಮುಂದಕ್ಕೆ ಹೋಯಿತು, ಹೋಗ್ತಾನೇ ಇತ್ತು. ಹಾಗಾಗಿ ವಿಶ್ವಸಂಸ್ಥೆಯ ಸಂಖ್ಯೆ ಎಣಿಕೆ ಅಲ್ಲ, ಅಂದಾಜು. ಹುಟ್ಟು, ಸಾವು, ವಲಸೆ ಈ ಮೂರರ ದರ ಹಿಡಿದು ಹಳೆಯ ಎಣಿಕೆಯಿಂದ ಮುಂದಕ್ಕೆ ಲೆಕ್ಕ ಹಾಕಿದ್ದು. ಚೀನಾ ಮಾತ್ರ ಕೋವಿಡ್ ನಡುವೆಯೇ 2020ರಲ್ಲಿ ಎಣಿಸಿ ಮುಗಿಸಿತು. 141 ಕೋಟಿ 17 ಲಕ್ಷ ಅಂತ ಪ್ರಕಟಿಸಿತು.

ನಾವು ನಂಬರ್ 1 ಆದೆವಲ್ಲ, ಅದು ಸಂತೋಷದ ಸುದ್ದಿನಾ, ತಲೆ ಚಚ್ಚಿಕೊಳ್ಳೋ ಸುದ್ದಿನಾ? ಅವತ್ತು ನಮ್ಮ ಸ್ಟುಡಿಯೋಗೆ ಬಂದ ಫೋನುಗಳಲ್ಲೂ ಅರ್ಧ ಆ ಕಡೆ, ಅರ್ಧ ಈ ಕಡೆ. ನನ್ನ ಪ್ರಕಾರ ಒಟ್ಟು ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಎರಡು ಮನೆ ಇದೆ ಅಂದುಕೊಳ್ಳಿ, ಎರಡರಲ್ಲೂ ಏಳೇಳು ಜನ. ಒಂದು ಮನೆಯಲ್ಲಿ ಅಜ್ಜ ಅಜ್ಜಿಯರೇ ನಾಲ್ಕು ಮಂದಿ. ಇನ್ನೊಂದರಲ್ಲಿ ಓದು ಮುಗಿಸಿ ಕೆಲಸ ಹುಡುಕ್ತಾ ಇರೋ ಹುಡುಗರು ನಾಲ್ಕು ಮಂದಿ. ರೇಷನ್ ಕಾರ್ಡಿನಲ್ಲಿ ಎರಡೂ ಮನೆ ಒಂದೇ. ಆದರೆ ಔಷಧಿ ಅಂಗಡಿಯವನಿಗೆ ಕೇಳಿ, ಎರಡೂ ಮನೆ ಒಂದೇನಾ ಅಂತ!

ವಯಸ್ಸಿನ ಈ ಲೆಕ್ಕವನ್ನು ತಜ್ಞರು ಒಂದು ಚಿತ್ರದಲ್ಲಿ ಬರೆಯುತ್ತಾರೆ. ಅದಕ್ಕೆ ಜನಸಂಖ್ಯಾ ಪಿರಮಿಡ್ ಅಂತ ಹೆಸರು. ಹೆಸರು ಕೇಳಿ ಗಾಬರಿ ಆಗಬೇಡಿ. ದಸರೆಯಲ್ಲಿ ಗೊಂಬೆ ಕೂರಿಸೋ ಮೆಟ್ಟಿಲು ನೆನಪಿಸಿಕೊಳ್ಳಿ. ಒಂದೊಂದು ಮೆಟ್ಟಿಲು ಐದೈದು ವರ್ಷ. ಕೆಳಗಿನ ಮೆಟ್ಟಿಲಲ್ಲಿ ನಾಲ್ಕು ವರ್ಷದ ತನಕದ ಮಕ್ಕಳು, ಅದರ ಮೇಲೆ ಐದರಿಂದ ಒಂಬತ್ತು, ಹಾಗೇ ಮೇಲಕ್ಕೆ, ತುದಿಯಲ್ಲಿ ತೊಂಬತ್ತು ದಾಟಿದವರು. ಎಡಗಡೆ ಗಂಡಸರು, ಬಲಗಡೆ ಹೆಂಗಸರು, ಪಟ್ಟದ ಗೊಂಬೆ ನಿಲ್ಲಿಸಿದ ಹಾಗೆ. ಆ ವಯಸ್ಸಿನವರು ಎಷ್ಟು ಜನ ಇದ್ದಾರೋ ಮೆಟ್ಟಿಲು ಅಷ್ಟು ಅಗಲ. ಹಿಂದೆಲ್ಲ ಎಲ್ಲ ದೇಶಗಳ ಮೆಟ್ಟಿಲೂ ದೇವಸ್ಥಾನದ ಗೋಪುರದ ಹಾಗಿತ್ತು. ಬುಡ ಅಗಲ, ಮೇಲೆ ಹೋದ ಹಾಗೆ ಚೂಪು.

ಚೀನಾದ ಇವತ್ತಿನ ಮೆಟ್ಟಿಲು ನೋಡಿದರೆ ಗೋಪುರ ಅನ್ನೋಕೆ ಆಗಲ್ಲ. ನಡುವೆ ಉಬ್ಬಿ, ಕೆಳಗೆ ಸೊರಗಿ ಬುಗುರಿಯ ಆಕಾರಕ್ಕೆ ತಿರುಗ್ತಾ ಇದೆ. ಅದರ ಬದಿಯಲ್ಲಿ ಇಲಿ ಕಚ್ಚಿದ ಹಾಗೆ ಒಂದು ಕಚ್ಚು ಕಾಣುತ್ತದೆ, ಅರವತ್ತು ದಾಟಿದವರ ಮೆಟ್ಟಿಲಲ್ಲಿ. ಅದು 1959ರಿಂದ 61ರ ನಡುವಿನ ಮಹಾ ಕ್ಷಾಮ. ಕೋಟ್ಯಂತರ ಜನ ಹಸಿವಿನಿಂದ ಸತ್ತರು, ಆ ವರ್ಷಗಳಲ್ಲಿ ಹುಟ್ಟಬೇಕಿದ್ದ ಮಕ್ಕಳೂ ಹುಟ್ಟಲಿಲ್ಲ. ಅರವತ್ತೈದು ವರ್ಷ ಆದರೂ ಆ ಗಾಯ ಚಿತ್ರದಲ್ಲಿ ಹಾಗೇ ಇದೆ. ಕ್ಷಾಮ ಮುಗಿದದ್ದೇ ತಡ, ಹೆರಿಗೆಗಳ ಸುಗ್ಗಿ. 1962ರಿಂದ ಹತ್ತು ಹನ್ನೆರಡು ವರ್ಷ ವರ್ಷಕ್ಕೆ ಎರಡೂವರೆ ಕೋಟಿಯ ಆಸುಪಾಸು ಮಕ್ಕಳು ಹುಟ್ಟಿದರು. ಈ ಸುಗ್ಗಿಯ ಮಕ್ಕಳನ್ನು ನೆನಪಲ್ಲಿಡಿ. ಚೀನಾದ ಕಾರ್ಖಾನೆಗಳನ್ನು ಕಟ್ಟಿದ್ದು ಇವರೇ. ಇವತ್ತು ನಿವೃತ್ತಿಯ ಕಾಗದಕ್ಕೆ ಸಹಿ ಹಾಕ್ತಾ ಇರೋರೂ ಇವರೇ.

ಮಕ್ಕಳು ಕಡಿಮೆ ಇರಲಿ ಅಂತ ಚೀನಾದಲ್ಲಿ ಮೊದಲೇ ಹೇಳಿದವರೊಬ್ಬರಿದ್ದರು. ಮಾ ಯಿಂಚು ಅಂತ, ಪೀಕಿಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರು, ಅರ್ಥಶಾಸ್ತ್ರಜ್ಞರು. ಜನಸಂಖ್ಯೆ ಹೀಗೇ ಏರಿದರೆ ಕಷ್ಟ ಅಂತ 1957ರಲ್ಲಿ ಬರೆದರು. ಜನ ಹೆಚ್ಚಿದಷ್ಟೂ ಶಕ್ತಿ ಹೆಚ್ಚು ಅನ್ನುತ್ತಿದ್ದ ಮಾವೋ ಕಾಲ ಅದು. ಅವರನ್ನು ಹೀಗಳೆದರು, 1960ರಲ್ಲಿ ಹುದ್ದೆ ಹೋಯಿತು. 1979ರಲ್ಲಿ, ಅವರಿಗೆ ತೊಂಬತ್ತು ದಾಟಿದ ಮೇಲೆ, ನೀವು ಹೇಳಿದ್ದು ಸರಿ ಇತ್ತು ಅಂತ ಸರ್ಕಾರ ಒಪ್ಪಿಕೊಂಡಿತು. ಒಪ್ಪಿಕೊಂಡು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಮರುವರ್ಷವೇ, 1980ರ ಸೆಪ್ಟೆಂಬರ್‌ನಲ್ಲಿ, ಒಂದು ಮನೆಗೆ ಒಂದೇ ಮಗು ಅನ್ನೋ ನೀತಿಯನ್ನು ದೇಶಕ್ಕೆಲ್ಲ ಸಾರಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕಂದ್ರೆ ನಮ್ಮಲ್ಲೂ ಬಹಳ ಜನ ಇದನ್ನು ತಪ್ಪಾಗಿ ತಿಳಿದಿದ್ದಾರೆ. ಚೀನಾ ಕಟ್ಟುನಿಟ್ಟು ಮಾಡಿತು, ಅದಕ್ಕೇ ಜನಸಂಖ್ಯೆ ಹತೋಟಿಗೆ ಬಂತು, ನಮ್ಮಲ್ಲೂ ಅಂಥ ಕಾನೂನು ಬರಬೇಕು ಅಂತಾರೆ. ಲೆಕ್ಕ ನೋಡಿ. 1970ರಲ್ಲಿ ಚೀನಾದ ಒಬ್ಬ ಹೆಂಗಸಿಗೆ ಸರಾಸರಿ ಆರರ ಹತ್ತಿರ ಮಕ್ಕಳು. 1979ರ ಹೊತ್ತಿಗೆ ಅದು ಮೂರಕ್ಕಿಂತ ಕೆಳಗೆ ಇಳಿದಿತ್ತು. ಅಂದ್ರೆ ಒಂದೇ ಮಗು ನೀತಿ ಬರುವ ಮುಂಚೆಯೇ ಅರ್ಧಕ್ಕರ್ಧ ಇಳಿದಾಗಿತ್ತು. ಮದುವೆ ತಡವಾಗಿ ಆಗಿ, ಮಕ್ಕಳ ನಡುವೆ ಅಂತರ ಇರಲಿ, ಕಡಿಮೆ ಇರಲಿ ಅಂತ ಎಪ್ಪತ್ತರ ದಶಕದಲ್ಲಿ ನಡೆದ ಪ್ರಚಾರ ಮತ್ತು ಒತ್ತಡ, ಹಳ್ಳಿ ಹಳ್ಳಿಗೆ ಹೋದ ಆರೋಗ್ಯ ಕಾರ್ಯಕರ್ತರು, ಶಾಲೆ ಸೇರಿದ ಹೆಣ್ಣುಮಕ್ಕಳು, ಇವು ಅದನ್ನು ಇಳಿಸಿದ್ದವು. ಆಮೇಲಿನ ಒಂದು ಮಗು ನೀತಿಗೆ ಲೆಕ್ಕ ಹಾಕಿಕೊಟ್ಟವರಲ್ಲಿ ಮುಖ್ಯರಾದ ಸಾಂಗ್ ಜಿಯಾನ್ ಮೂಲತಃ ಕ್ಷಿಪಣಿ ವಿಜ್ಞಾನಿ! ಕ್ಷಿಪಣಿಯ ದಾರಿ ಲೆಕ್ಕ ಹಾಕುವ ಗಣಿತವನ್ನು ಮನುಷ್ಯರ ಸಂಸಾರಕ್ಕೆ ಹಚ್ಚಿದರು. ಕ್ಷಿಪಣಿಯನ್ನು ಗುರಿಗೆ ತಿರುಗಿಸಬಹುದು. ಒಂದೇ ಮಗುವಿನ ಸಂಸಾರಕ್ಕೆ ಒಗ್ಗಿಹೋದ ಒಂದು ತಲೆಮಾರನ್ನು ವಾಪಸ್ ತಿರುಗಿಸೋದು ಹೇಗೆ ಅನ್ನೋದು ಅವರ ಸಮೀಕರಣದಲ್ಲಿ ಇರಲಿಲ್ಲ.

ಆ ಮೂವತ್ತೈದು ವರ್ಷಗಳಲ್ಲಿ ದಂಡ, ಬಲವಂತದ ಗರ್ಭಪಾತ, ಕೆಲಸದಿಂದ ವಜಾ, ಏನೇನು ಆಗಬಾರದೋ ಎಲ್ಲ ಆಯಿತು. 2016ರಲ್ಲಿ ಎರಡು ಮಗು ಮಾಡಿಕೊಳ್ಳಿ ಅಂದರು. 2021ರಲ್ಲಿ ಮೂರು ಮಾಡಿಕೊಳ್ಳಿ ಅಂದರು. ಈಗ 2025ರಲ್ಲಿ ಮೂರು ವರ್ಷದೊಳಗಿನ ಪ್ರತಿ ಮಗುವಿಗೂ ವರ್ಷಕ್ಕೆ 3,600 ಯುವಾನ್, ನಮ್ಮ ಲೆಕ್ಕದಲ್ಲಿ ಸುಮಾರು 43 ಸಾವಿರ ರೂಪಾಯಿ, ಸರ್ಕಾರವೇ ಕೊಡ್ತೀವಿ ಅಂತ ಹೊರಟಿದೆ. ಜನ ಕೇಳಿದರಾ? 2016ರಲ್ಲಿ 1.7 ಕೋಟಿಗೂ ಹೆಚ್ಚು ಮಕ್ಕಳು ಹುಟ್ಟಿದ್ದರು. 2023ರಲ್ಲಿ ಹುಟ್ಟಿದ್ದು 90 ಲಕ್ಷ. 2024 ಅವರ ಪಂಚಾಂಗದಲ್ಲಿ ಡ್ರ್ಯಾಗನ್ ವರ್ಷ, ಮಗು ಹುಟ್ಟಿದರೆ ಅದೃಷ್ಟ ಅಂತ ನಂಬಿಕೆ. ಆ ವರ್ಷ ಸ್ವಲ್ಪ ಏರಿ 95 ಲಕ್ಷ ಆಯಿತು. ಆದರೂ ಒಟ್ಟು ಜನಸಂಖ್ಯೆ 13.9 ಲಕ್ಷ ಕಡಿಮೆಯೇ ಆಯಿತು, ಸತತ ಮೂರನೇ ವರ್ಷ. 2023ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 15 ಸಾವಿರ ಶಿಶುವಿಹಾರಗಳು ಕಮ್ಮಿಯಾದವು.

ಹಾಗಂತ ನಾವು ಸಾಧುಗಳಾಗಿದ್ದೆವು ಅಂತಲ್ಲ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ಇಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಬಸ್ ನಿಲ್ದಾಣದಿಂದ ಗಂಡಸರನ್ನು ಎಳೆದುಕೊಂಡು ಹೋದ ಕಥೆಗಳು ಉತ್ತರ ಭಾರತದಲ್ಲಿ ಇಂದಿಗೂ ಇವೆ. ನಮ್ಮ ಮತ್ತು ಚೀನಾದ ನಡುವೆ ಇದ್ದ ವ್ಯತ್ಯಾಸ ಒಂದೇ, 1977ರಲ್ಲಿ ಚುನಾವಣೆ ನಡೆಯಿತು. ಜನ ಆ ಸರ್ಕಾರವನ್ನು ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ ಯಾವ ಪಕ್ಷವೂ ಕುಟುಂಬ ಯೋಜನೆಯಲ್ಲಿ ಕೋಲು ಹಿಡಿಯುವ ಧೈರ್ಯ ಮಾಡಲಿಲ್ಲ. ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ ಅಂತ ಗೋಡೆ ಬರಹ, ಕೆಂಪು ತ್ರಿಕೋನ, ರೇಡಿಯೋ ಜಾಹೀರಾತು, ಇಷ್ಟರಲ್ಲೇ ನಡೆಯಿತು. ಅಂದಹಾಗೆ ಈ ಕೆಲಸದಲ್ಲಿ ನಮ್ಮವರು ಬಹಳ ಮುಂದಿದ್ದರು. 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮ ಶುರು ಮಾಡಿದ ಮೊದಲ ದೇಶ ಭಾರತ. ಅದಕ್ಕೂ 22 ವರ್ಷ ಮೊದಲು, 1930ರಲ್ಲೇ, ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು.

ಫಲಿತಾಂಶ? ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಹೆಂಗಸರಿಗೂ ಸರಾಸರಿ ಆರರ ಹತ್ತಿರ ಮಕ್ಕಳು. 1992-93ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 3.4. 2019-21ರ ಸಮೀಕ್ಷೆಯಲ್ಲಿ 2.0. ಕೋಲು ಹಿಡಿದವರೂ ಇಳಿದರು, ಕೋಲು ಬಿಟ್ಟವರೂ ಇಳಿದರು, ನಾವು ನಿಧಾನವಾಗಿ ಇಳಿದೆವು. ಆ ನಿಧಾನವೇ ಇವತ್ತು ನಮ್ಮ ಬಂಡವಾಳ ಅನ್ನೋದು ನನ್ನ ಅಭಿಪ್ರಾಯ.

ನೀವು ಕೇಳಬಹುದು, ಎರಡೇ ಮಕ್ಕಳು ಅಂದಮೇಲೆ ಜನಸಂಖ್ಯೆ ಇನ್ನೂ ಯಾಕೆ ಏರ್ತಾ ಇದೆ? ಒಳ್ಳೆ ಪ್ರಶ್ನೆ. ಒಬ್ಬ ಅಜ್ಜಿಗೆ ಐದು ಮಕ್ಕಳು, ಅದರಲ್ಲಿ ಮೂರು ಹೆಣ್ಣು ಅಂದುಕೊಳ್ಳಿ. ಆ ಮೂವರೂ ಎರಡೆರಡೇ ಮಕ್ಕಳನ್ನು ಹೆತ್ತರೂ ಆರು ಆಯಿತಲ್ಲ. ಅಜ್ಜಿ ಹೆತ್ತದ್ದಕ್ಕಿಂತ ಜಾಸ್ತಿ. ತಾಯಂದಿರ ಸಂಖ್ಯೆಯೇ ದೊಡ್ಡದಿದ್ದಾಗ ಒಬ್ಬೊಬ್ಬರು ಕಡಿಮೆ ಹೆತ್ತರೂ ಒಟ್ಟು ಏರುತ್ತಲೇ ಇರುತ್ತದೆ, ಒಂದೆರಡು ತಲೆಮಾರು. ಅದಕ್ಕೇ ನಾವು 2060ರ ದಶಕದ ಆರಂಭದಲ್ಲಿ 170 ಕೋಟಿಯ ಹತ್ತಿರ ಹೋಗಿ, ಅಲ್ಲಿಂದ ಇಳಿಯುತ್ತೇವೆ ಅನ್ನೋದು ವಿಶ್ವಸಂಸ್ಥೆಯ 2024ರ ಅಂದಾಜು. ಚೀನಾ ಈ ಶತಮಾನದ ಕೊನೆಗೆ 63 ಕೋಟಿಗೆ ಇಳಿಯಬಹುದಂತೆ. ಎಪ್ಪತ್ತೈದು ವರ್ಷದ ಮುಂದಿನ ಮಾತು, ಪೂರ್ತಿ ನಂಬಬೇಡಿ. ಆದರೆ ದಿಕ್ಕು ಅನುಮಾನ ಇಲ್ಲದ್ದು. ಮುಂದಿನ ಇಪ್ಪತ್ತು ವರ್ಷದ ತಾಯಂದಿರೆಲ್ಲ ಹೆಚ್ಚುಕಡಿಮೆ ಈಗಾಗಲೇ ಹುಟ್ಟಿಯಾಗಿದೆ, ಅವರನ್ನು ಎಣಿಸಬಹುದು.

ಈಗ ಎರಡೂ ಮೆಟ್ಟಿಲನ್ನು ಅಕ್ಕಪಕ್ಕ ಇಡೋಣ. ಭಾರತದಲ್ಲಿ 14 ವರ್ಷದ ತನಕದವರು ನೂರಕ್ಕೆ 25, ಚೀನಾದಲ್ಲಿ 17. ದುಡಿಯುವ ವಯಸ್ಸು, ಅಂದ್ರೆ 15ರಿಂದ 64, ನಮ್ಮಲ್ಲಿ 68, ಅವರಲ್ಲಿ 69. ಇಲ್ಲಿ ಸಮ ಸಮ. 65 ದಾಟಿದವರು ನಮ್ಮಲ್ಲಿ 7, ಅವರಲ್ಲಿ 14, ಸರಿಯಾಗಿ ಇಮ್ಮಡಿ. ದೇಶದ ಜನರನ್ನೆಲ್ಲ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲೋನಿಗೆ ನಮ್ಮಲ್ಲಿ ಇಪ್ಪತ್ತೆಂಟು ವರ್ಷ, ಚೀನಾದಲ್ಲಿ ನಲವತ್ತರ ಹತ್ತಿರ. ನಮ್ಮವನು ಮದುವೆಗೆ ಹೆಣ್ಣು ನೋಡ್ತಾ ಇದ್ದಾನೆ. ಅವನು ಬಿಪಿ ಚೆಕ್ ಮಾಡಿಸ್ತಾ ಇದ್ದಾನೆ.

ಹೆಣ್ಣು ನೋಡೋ ಮಾತು ಬಂತು. ಇಲ್ಲಿ ಎರಡೂ ದೇಶಗಳು ಮಾಡಿಕೊಂಡ ಪಾಪ ಒಂದೇ. ಒಂದೇ ಮಗು ಅಂದಾಗ ಅದು ಗಂಡೇ ಆಗಲಿ ಅಂದರು ಚೀನಾದವರು. ಸ್ಕ್ಯಾನಿಂಗ್ ಯಂತ್ರ ಹಳ್ಳಿಗೂ ಬಂದಿತ್ತು. 2004ರ ಹೊತ್ತಿಗೆ ಅಲ್ಲಿ 100 ಹೆಣ್ಣು ಮಗುವಿಗೆ 121ರಷ್ಟು ಗಂಡು ಮಗು ಹುಟ್ಟುತ್ತಿದ್ದವು. 2020ರ ಎಣಿಕೆಯಲ್ಲಿ ಹೆಂಗಸರಿಗಿಂತ ಗಂಡಸರು ಮೂರೂವರೆ ಕೋಟಿ ಜಾಸ್ತಿ. ಮದುವೆ ಆಗದೆ ಉಳಿದ ಗಂಡಸರನ್ನು ಅಲ್ಲಿನ ಭಾಷೆಯಲ್ಲಿ ಬೋಳು ಕೊಂಬೆ ಅಂತಾರೆ, ಎಲೆ ಚಿಗುರದ ಕೊಂಬೆ. ನಮಗೆ ಒಂದು ಮಗು ನೀತಿ ಇರಲಿಲ್ಲ. ಆದರೂ 2011ರಲ್ಲಿ ಆರು ವರ್ಷದ ತನಕದ ಸಾವಿರ ಗಂಡುಮಕ್ಕಳಿಗೆ 919 ಹೆಣ್ಣುಮಕ್ಕಳು. ಇದು ಹರಿಯಾಣದ ಕಥೆ ಅಂತ ಕೈ ತೊಳೆದುಕೊಳ್ಳೋ ಹಾಗಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಭ್ರೂಣದ ಲಿಂಗ ಪತ್ತೆ ಮಾಡ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಕಾಯಿಸೋ ಜಾಗ ರೀ ಅದು! ಅದೇ ವರ್ಷದ ಫೆಬ್ರವರಿಯಲ್ಲಿ, ಅದೇ ಮಂಡ್ಯದ ಕಡೆಯಿಂದ, ನಮಗೆ ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ರೈತಾಪಿ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಾವೆಲ್ಲ ಅದನ್ನು ತಮಾಷೆಯ ಸುದ್ದಿಯ ಹಾಗೆ ತೋರಿಸಿದೆವು, ನೀವೂ ನಕ್ಕಿರಿ. ಆ ಹುಡುಗರಿಗೆ ಹೆಣ್ಣು ಸಿಗದಿರೋದಕ್ಕೆ ಬೇರೆ ಕಾರಣಗಳೂ ಇವೆ, ಮಳೆ ನಂಬಿದ ಬೇಸಾಯಕ್ಕೆ ಮಗಳನ್ನು ಕೊಡೋಕೆ ಯಾವ ತಂದೆ ತಾಯಿಗೂ ಮನಸ್ಸಿಲ್ಲ. ಆದರೆ ಆ ಪಾದಯಾತ್ರೆಯ ಹುಡುಗರಿಗೂ ಈ ಆಲೆಮನೆಗೂ ನಡುವೆ ಒಂದು ದಾರಿ ಇದೆ. ನಡೆದು ನೋಡುವ ಮನಸ್ಸು ಯಾರಿಗೂ ಇಲ್ಲ.

ಚೀನಾಕ್ಕೆ ಈಗ ನಿಜವಾದ ತಲೆನೋವು ಸುಗ್ಗಿಯ ಮಕ್ಕಳದ್ದು. 2024ರ ಕೊನೆಗೆ ಅಲ್ಲಿ 60 ದಾಟಿದವರು 31 ಕೋಟಿ. ಅಮೆರಿಕದ ಹತ್ತಿರ ಹತ್ತಿರ ಇಡೀ ಜನಸಂಖ್ಯೆಯಷ್ಟು ಮುದುಕರು ಒಂದೇ ದೇಶದಲ್ಲಿ. ಅವರ ಮಗ ಒಬ್ಬನೇ, ಸೊಸೆಯೂ ಒಬ್ಬಳೇ ಮಗಳು. ಈ ಇಬ್ಬರ ಮೇಲೆ ನಾಲ್ಕು ಜನ ಅಪ್ಪ ಅಮ್ಮಂದಿರು, ಕೆಳಗೊಂದು ಮಗು. ನಾಲ್ಕು, ಎರಡು, ಒಂದು ಅಂತಲೇ ಅದಕ್ಕೆ ಹೆಸರು. ಇನ್ನೊಂದು ಮಗು ಮಾಡಿಕೊಳ್ಳಿ ಅಂತ ಸರ್ಕಾರ ಹೇಳಿದರೆ ಆ ಸೊಸೆ ಏನು ಹೇಳಬೇಕು ಹೇಳಿ? ಪಿಂಚಣಿಯ ಭಾರ ತಡೆಯಲಾರದೆ 2025ರ ಜನವರಿಯಿಂದ ನಿವೃತ್ತಿ ವಯಸ್ಸು ಏರಿಸೋಕೆ ಶುರು ಮಾಡಿದ್ದಾರೆ. ಗಂಡಸರಿಗೆ 60 ಇದ್ದದ್ದು ನಿಧಾನವಾಗಿ 63ಕ್ಕೆ. ಕಾರ್ಖಾನೆಯ ಹೆಂಗಸರು 50ಕ್ಕೇ ಮನೆಗೆ ಹೋಗ್ತಿದ್ದರು, ಅವರಿಗೆ 55. ನಗರದ ನೌಕರರ ಪಿಂಚಣಿ ಪರವಾಗಿಲ್ಲ. ಹಳ್ಳಿಯ ಮುದುಕರಿಗೆ ತಿಂಗಳಿಗೆ ಸಿಗೋದು ಸುಮಾರು 200 ಯುವಾನ್, ಎರಡೂವರೆ ಸಾವಿರ ರೂಪಾಯಿಯೂ ಇಲ್ಲ. ನಗಬೇಡಿ. ನಮ್ಮ ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನದ ಪಾಲು 79 ವರ್ಷದ ತನಕ ತಿಂಗಳಿಗೆ 200 ರೂಪಾಯಿ. ಯುವಾನ್ ಅಲ್ಲ, ರೂಪಾಯಿ! ಉಳಿದದ್ದು ರಾಜ್ಯದ ತಲೆ ಮೇಲೆ.

ನಮಗೆ ಇನ್ನೂ ಸಮಯ ಇದೆಯಲ್ಲ ಅಂತೀರಾ? ಇದೆ. ಎಷ್ಟು ಅನ್ನೋದನ್ನು ನೋಡಿ. ಚೀನಾದಲ್ಲಿ 65 ದಾಟಿದವರು ನೂರಕ್ಕೆ 7 ಇದ್ದದ್ದು 2000ದ ಹೊತ್ತಿಗೆ. ಅದು 14 ಆಗೋಕೆ ಹಿಡಿದದ್ದು ಇಪ್ಪತ್ತು ಚಿಲ್ಲರೆ ವರ್ಷ. ಫ್ರಾನ್ಸ್‌ನಂಥ ದೇಶಕ್ಕೆ ಇದೇ ದಾರಿಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಗಿತ್ತು. ನಾವು ಈಗ ಆ ಏಳರ ಮೆಟ್ಟಿಲಲ್ಲಿದ್ದೇವೆ. 2050ರ ಹೊತ್ತಿಗೆ 60 ದಾಟಿದವರು ಇಲ್ಲೂ 34 ಕೋಟಿ ಮೀರುತ್ತಾರೆ, ಐವರಲ್ಲಿ ಒಬ್ಬರು. ಇವತ್ತು ಮೂವತ್ತೈದು ವರ್ಷ ಆಗಿರೋ ನೀವೇ ಆ ಲೆಕ್ಕದಲ್ಲಿ ಇದ್ದೀರಿ, ಬೇರೆ ಯಾರೋ ಅಲ್ಲ.

ಹಾಗಾದರೆ ಚೀನಾ ತನ್ನ ಆ ಇಪ್ಪತ್ತು ಮೂವತ್ತು ವರ್ಷದಲ್ಲಿ ಏನು ಮಾಡಿತು? 1990ರಲ್ಲಿ ತಲಾ ಆದಾಯದಲ್ಲಿ ನಾವು ಚೀನಾಕ್ಕಿಂತ ಒಂದು ಕೂದಲು ಮುಂದಿದ್ದೆವು. ನಂಬೋಕೆ ಕಷ್ಟ, ಆದರೆ ನಿಜ. ಇವತ್ತು ಅವರದ್ದು 13 ಸಾವಿರ ಡಾಲರ್ ಆಸುಪಾಸು, ನಮ್ಮದು ಎರಡೂವರೆ ಸಾವಿರದ ಸುತ್ತಮುತ್ತ. ಹುಡುಗರು ಅವರಲ್ಲೂ ಇದ್ದರು, ನಮ್ಮಲ್ಲೂ ಇದ್ದರು. ವ್ಯತ್ಯಾಸ ಎಲ್ಲಿ? 1980ರ ದಶಕದ ಆರಂಭದಲ್ಲೇ ಚೀನಾದ ವಯಸ್ಕರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಓದು ಬರಹ ಬರ್ತಿತ್ತು. ನಮ್ಮಲ್ಲಿ ಆಗ ಅರ್ಧಕ್ಕಿಂತ ಕಡಿಮೆ. ಕಾರ್ಖಾನೆ ಗೇಟು ತೆರೆದಾಗ ಹಳ್ಳಿಯಿಂದ ಬಂದ ಹುಡುಗ ಮತ್ತು ಹುಡುಗಿ ಇಬ್ಬರಿಗೂ ಬೋರ್ಡು ಓದೋಕೆ ಬರ್ತಿತ್ತು. ಹುಡುಗಿ ಅನ್ನೋ ಮಾತನ್ನು ಒತ್ತಿ ಹೇಳ್ತೀನಿ. ಚೀನಾದಲ್ಲಿ ವಯಸ್ಕ ಹೆಂಗಸರಲ್ಲಿ ನೂರಕ್ಕೆ 60ರಷ್ಟು ದುಡಿಮೆಯಲ್ಲಿದ್ದಾರೆ. ನಮ್ಮಲ್ಲಿ 2017-18ರಲ್ಲಿ 23 ಇತ್ತು, 2023-24ರಲ್ಲಿ 41.7ಕ್ಕೆ ಏರಿದೆ. ಸಂತೋಷ. ಆದರೆ ಈ ಏರಿಕೆಯಲ್ಲಿ ದೊಡ್ಡ ಪಾಲು ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳ ಇಲ್ಲದೆ ದುಡಿಯೋರದ್ದು. ನಮ್ಮ ದುಡಿಯುವವರಲ್ಲಿ ನೂರಕ್ಕೆ 46 ಜನ ಇನ್ನೂ ಕೃಷಿಯಲ್ಲೇ ಇದ್ದಾರೆ. ಚೀನಾದಲ್ಲಿ ಅದು ಕಾಲು ಭಾಗಕ್ಕಿಂತ ಕಡಿಮೆ.

ಚೀನಾದಲ್ಲಿ ದುಡಿಯುವ ವಯಸ್ಸಿನವರ ಸಂಖ್ಯೆ 2012ರಿಂದಲೇ ಇಳಿಯೋಕೆ ಶುರುವಾಯಿತು. ಕೂಲಿ ಏರಿತು. ಅಲ್ಲಿನ ಕೆಲವು ಕಾರ್ಖಾನೆಗಳು ಹೊರಗೆ ನೋಡೋಕೆ ಇದೂ ಒಂದು ಕಾರಣ, ಅಮೆರಿಕದ ಸುಂಕ ಇನ್ನೊಂದು. ದೇವನಹಳ್ಳಿ ಹತ್ತಿರ ಐಫೋನ್ ಕಾರ್ಖಾನೆ ಬಂದಿದೆಯಲ್ಲ, ಅಲ್ಲಿಗೆ ಕೆಲಸಕ್ಕೆ ಬರ್ತಿರೋರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗಿಯರು. ಚೀನಾದ ಕರಾವಳಿ ಊರುಗಳು ಮೂವತ್ತು ವರ್ಷದ ಹಿಂದೆ ಹೀಗೇ ಇದ್ದವು. ಆದರೆ ಎಷ್ಟು ದೇವನಹಳ್ಳಿ ಬೇಕು ನಮಗೆ? 15ರಿಂದ 29ರ ವಯಸ್ಸಿನವರೇ ಸುಮಾರು 37 ಕೋಟಿ ಇದ್ದಾರೆ. 2024ರಲ್ಲಿ ಉತ್ತರ ಪ್ರದೇಶದಲ್ಲಿ 60 ಸಾವಿರ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ 48 ಲಕ್ಷ ಅರ್ಜಿ ಬಂತು. ಪ್ರಶ್ನೆ ಪತ್ರಿಕೆ ಸೋರಿಕೆಯಾಗಿ ಪರೀಕ್ಷೆಯೇ ರದ್ದಾಯಿತು, ಮತ್ತೆ ನಡೆಸಿದರು. ಯುವಶಕ್ತಿ ಯುವಶಕ್ತಿ ಅಂತ ಭಾಷಣ ಮಾಡುವವರು ಆ 48 ಲಕ್ಷದ ಸಾಲನ್ನು ಒಂದು ಸಲ ನೋಡಬೇಕು. ಮುದುಕರ ದೇಶದಲ್ಲಾದರೂ ಯುವಕರು ಸುಖವಾಗಿದ್ದಾರಾ ಅಂದ್ರೆ ಅದೂ ಇಲ್ಲ. 2023ರ ಜೂನ್‌ನಲ್ಲಿ ಚೀನಾದ ನಗರಗಳಲ್ಲಿ 24 ವರ್ಷದೊಳಗಿನವರ ನಿರುದ್ಯೋಗ ನೂರಕ್ಕೆ 21.3ಕ್ಕೆ ಹೋಯಿತು. ಮುಂದಿನ ತಿಂಗಳಿನಿಂದ ಆ ಅಂಕಿ ಕೊಡೋದನ್ನೇ ನಿಲ್ಲಿಸಿಬಿಟ್ಟರು! ಲೆಕ್ಕದ ವಿಧಾನ ಬದಲಿಸಿ ಆಮೇಲೆ ಮತ್ತೆ ಕೊಡೋಕೆ ಶುರು ಮಾಡಿದರು.

ಭಾರತ ಭಾರತ ಅಂತ ಇಷ್ಟು ಹೊತ್ತು ಹೇಳಿದೆ. ಆದರೆ ಮೆಟ್ಟಿಲು ಬಿಡಿಸಿ ನೋಡಿದರೆ ಭಾರತದೊಳಗೇ ಎರಡು ದೇಶ ಇವೆ. ಬಿಹಾರದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮೂರು ಮಕ್ಕಳು. ಕೇರಳ, ತಮಿಳುನಾಡಿನಲ್ಲಿ 1.8. ಕರ್ನಾಟಕ? 1.7. ಹೌದು, ಅವರಿಬ್ಬರಿಗಿಂತ ನಾವೇ ಕಡಿಮೆ. ಯಾವ ಜಾತಿ, ಯಾವ ಧರ್ಮದವರು ಎಷ್ಟು ಹೆರ್ತಾರೆ ಅಂತ ಫೋನ್ ಮಾಡಿ ಜಗಳ ಆಡುವವರಿಗೆ ಒಂದು ಮಾತು. 1992ರಿಂದ ಇಲ್ಲಿಯ ತನಕ ಹಿಂದೂಗಳಲ್ಲಿ 3.3ರಿಂದ 1.9ಕ್ಕೆ, ಮುಸ್ಲಿಮರಲ್ಲಿ 4.4ರಿಂದ 2.4ಕ್ಕೆ ಇಳಿದಿದೆ. ಇಬ್ಬರದ್ದೂ ಇಳಿಯುವ ದಾರಿಯೇ. ತಾಯಿ ಎಷ್ಟು ಓದಿದ್ದಾಳೆ, ಯಾವ ರಾಜ್ಯದಲ್ಲಿದ್ದಾಳೆ ಅನ್ನೋದು ಹೇಳುವಷ್ಟನ್ನು ಧರ್ಮ ಹೇಳೋದಿಲ್ಲ.

ಇದರ ಬಿಸಿ ನಮಗೆ ತಟ್ಟೋದು ದೆಹಲಿಯಲ್ಲಿ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು ಇವತ್ತಿಗೂ 1971ರ ಜನಗಣತಿಯ ಮೇಲೆ ನಿಂತಿದೆ. ಕುಟುಂಬ ಯೋಜನೆ ಮಾಡಿದ ರಾಜ್ಯಗಳಿಗೆ ಅನ್ಯಾಯ ಆಗಬಾರದು ಅಂತ 1976ರಲ್ಲಿ ಅದನ್ನು ಅಲ್ಲೇ ನಿಲ್ಲಿಸಿದರು. 2001ರಲ್ಲಿ ಮತ್ತೆ ಮುಂದೂಡಿದರು, 2026ರ ನಂತರದ ಮೊದಲ ಜನಗಣತಿಯ ತನಕ. ಆ ಜನಗಣತಿ ಈಗ ಬರ್ತಾ ಇದೆ. ನಮ್ಮ 28 ಸೀಟಿನ ತೂಕ ಏನಾಗುತ್ತದೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಹೆಚ್ಚು ಮಕ್ಕಳು ಮಾಡಿಕೊಳ್ಳಿ ಅಂತ ಆಂಧ್ರ, ತಮಿಳುನಾಡಿನ ಮುಖ್ಯಮಂತ್ರಿಗಳು ಹೇಳಿದ್ದು ಇದೇ ಹೆದರಿಕೆಗೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನೋ ನಿಯಮವನ್ನು ಆಂಧ್ರ 2024ರಲ್ಲಿ ತೆಗೆದೇ ಹಾಕಿತು. ಚೀನಾ ಸರ್ಕಾರ ದುಡ್ಡು ಕೊಟ್ಟು ಕರೆದರೂ ಬಾರದ ಮಕ್ಕಳು ಮುಖ್ಯಮಂತ್ರಿಯ ಭಾಷಣಕ್ಕೆ ಬರ್ತಾವಾ? ನನಗಂತೂ ನಂಬಿಕೆ ಇಲ್ಲ. ದಕ್ಷಿಣದ ರಾಜ್ಯಗಳು ಮಾತಾಡಬೇಕಾದ್ದು ಸೀಟು ಮತ್ತು ತೆರಿಗೆ ಪಾಲಿನ ಸೂತ್ರದ ಬಗ್ಗೆ. ನಮ್ಮ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ಆ ಲೆಕ್ಕ ತೀರಿಸೋಕೆ ಹೋಗಬಾರದು.

ಜನಗಣತಿ 2027ರ ಮಾರ್ಚ್ 1ಕ್ಕೆ ಅಂತ ಗೊತ್ತಾಗಿದೆ. ಮನೆ ಪಟ್ಟಿ ಮಾಡೋ ಕೆಲಸ 2026ರಲ್ಲೇ. ಈ ಸಲ ಮೊಬೈಲಿನಲ್ಲಿ ಬರೆದುಕೊಳ್ತಾರೆ, ಜಾತಿಯನ್ನೂ ಕೇಳ್ತಾರೆ. ಎಲ್ಲರೂ ಜಾತಿಯ ಬಗ್ಗೆಯೇ ಮಾತಾಡ್ತಾ ಇದ್ದಾರೆ. ನಾನು ವಯಸ್ಸಿನ ಬಗ್ಗೆ ಹೇಳ್ತೀನಿ. ನಮ್ಮ ಹಳೆಯ ಜನಗಣತಿಯ ಮೆಟ್ಟಿಲುಗಳಲ್ಲಿ ಒಂದು ವಿಚಿತ್ರ ಇದೆ. ವರ್ಷ ವರ್ಷದ ಲೆಕ್ಕ ನೋಡಿದರೆ 39, 41 ವಯಸ್ಸಿನವರು ಕಡಿಮೆ, 40ರವರು ರಾಶಿ. 44, 46 ಕಡಿಮೆ, 45 ರಾಶಿ. ಗರಗಸದ ಹಲ್ಲಿನ ಹಾಗೆ. ಯಾಕೆ? ನಿಮ್ಮ ವಯಸ್ಸೆಷ್ಟಮ್ಮ ಅಂದ್ರೆ, ಬರ್ಕೊಳ್ಳಿ ಒಂದು ನಲವತ್ತು ಅಂತಾರೆ. ಚೀನಾದ ಎಣಿಕೆಯಲ್ಲಿ ಈ ಹಲ್ಲುಗಳು ಬಹಳ ಕಡಿಮೆ, ಅಕ್ಷರ ಬಾರದ ಕಾಲದಲ್ಲೂ ಕಡಿಮೆಯೇ. ಅಲ್ಲಿ ಪ್ರತಿ ವರ್ಷಕ್ಕೂ ಒಂದು ಪ್ರಾಣಿ, ಇಲಿ, ಎತ್ತು, ಹುಲಿ, ಮೊಲ ಅಂತ ಹನ್ನೆರಡು. ಹಳ್ಳಿಯ ಮುದುಕಿಗೂ ತಾನು ಹುಟ್ಟಿದ್ದು ಯಾವ ಪ್ರಾಣಿಯ ವರ್ಷ ಅನ್ನೋದು ಮರೆಯಲ್ಲ, ಎಣಿಸುವವನು ಅಲ್ಲಿಂದ ಲೆಕ್ಕ ಹಿಡಿಯುತ್ತಾನೆ. ನಮಗೂ ಅರವತ್ತು ಸಂವತ್ಸರ ಇವೆ, ಆದರೆ ಯಾರಿಗೆ ಬಾಯಿಗೆ ಬರುತ್ತೆ? ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಈಗಲೇ ಕೂತು ಲೆಕ್ಕ ಹಾಕಿ ಇಟ್ಟುಕೊಳ್ಳಿ. ಗಾಂಧಿ ಸತ್ತಾಗ ಎಷ್ಟು ದೊಡ್ಡವರಿದ್ದರು, ರಾಜ್ಯ ಒಂದಾದಾಗ ಶಾಲೆಗೆ ಹೋಗ್ತಿದ್ದರಾ, ಮೊದಲ ಮಗ ಹುಟ್ಟಿದ್ದು ಯಾವ ಬರಗಾಲದಲ್ಲಿ ಅಂತ ಕೇಳಿ. ಎಣಿಸೋಕೆ ಬರುವ ಮೇಷ್ಟ್ರು ಬಾಗಿಲಲ್ಲಿ ನಿಂತು ಅಜ್ಜಿಗೆ ಎಷ್ಟು ವಯಸ್ಸು ಅಂದಾಗ, ಎಪ್ಪತ್ತೊಂಬತ್ತೋ ಎಂಬತ್ತೋ ಅನ್ನೋದನ್ನು ಸರಿಯಾಗಿ ಬರೆಸಿ. 200 ರೂಪಾಯಿ 500 ಆಗೋದು ಎಂಬತ್ತಕ್ಕೆ.